ಎರಡು ಬಾರಿ ಯುಂಗ್‌ಫ್ರೌಯೋಕ್: ರೈಲು, ಹಿಮ ಮತ್ತು ಗಾಳಿ ಅಳೆಯುವ ಮನೆ

ಸ್ವಿಟ್ಜರ್ಲೆಂಡಿನಲ್ಲಿ ಆಲ್ಪ್ಸ್ ಪರ್ವತಗಳ ಮೇಲಿರುವ ಯುಂಗ್‌ಫ್ರೌಯೋಕ್‌ಗೆ ನಾನು ಎರಡು ಬಾರಿ ಹೋಗಿ ಬಂದಿದ್ದೇನೆ. ಮೊದಲ ಸಲ ಹೋದದ್ದು ಪ್ರವಾಸ ಸಂಸ್ಥೆಯೊಂದರ ಹತ್ತು ದಿನಗಳ ಯುರೋಪ್ ಪ್ಯಾಕೇಜಿನಲ್ಲಿ. ಎರಡನೆಯ ಸಲ, 2025ರ ಸೆಪ್ಟೆಂಬರ್ ಕೊನೆಯಲ್ಲಿ, ಬರ್ನ್ ನಗರದಲ್ಲಿರುವ ಅಕ್ಕನ ಮನೆಯಲ್ಲಿ ಉಳಿದುಕೊಂಡು, ಟಿಕೆಟ್ಟನ್ನು ನಾವೇ ಕೊಂಡು, ಎಪ್ಪತ್ತೆರಡು ವರ್ಷದ ಅಪ್ಪನನ್ನೂ ಕರೆದುಕೊಂಡು ಹೋದೆವು. ರೈಲು ಅದೇ, ಬೆಟ್ಟ ಅದೇ; ಆದರೆ ಎರಡು ಪ್ರವಾಸಗಳಿಗೂ ಅಜಗಜಾಂತರ. ಇಷ್ಟು ದುಬಾರಿ ಟಿಕೆಟ್ಟಿಗೆ ಹಣ ಹಾಕಬಹುದೇ ಎಂದು ಊರಿನಲ್ಲಿ ಹಲವರು ಕೇಳಿದ್ದರಿಂದ, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಿಮ ನೋಡುವುದಷ್ಟೇ ಉದ್ದೇಶವಾಗಿದ್ದರೆ ಈ ಟಿಕೆಟ್ ಬೇಕಾಗಿಲ್ಲ. ಅದೇ ದೇಶದಲ್ಲಿ ಇದರ ಅರ್ಧ ಖರ್ಚಿನಲ್ಲಿ ಹಿಮ ಸಿಗುತ್ತದೆ. ಯುಂಗ್‌ಫ್ರೌಯೋಕ್‌ನಲ್ಲಿ ನಿಜವಾಗಿ ಅಪರೂಪದ್ದು ಅಲ್ಲಿನ ಗಾಳಿ. ಆ ಗಾಳಿಯನ್ನು ಅಳೆಯುವುದಕ್ಕೆಂದೇ 1931ರಿಂದ ವಿಜ್ಞಾನಿಗಳು ಅಲ್ಲಿಗೆ ಬಂದು ವಾಸವಾಗಿದ್ದು ಹೋಗುತ್ತಿದ್ದಾರೆ. ಅವರ ಮನೆ ಪ್ರವಾಸಿಗಳು ಚಾಕೊಲೇಟ್ ಕೊಳ್ಳುವ ಅಂಗಡಿಗಳಿಂದ ಕೂಗಳತೆಯ ದೂರದಲ್ಲಿದೆ. ಅದು ಗೊತ್ತಿದ್ದು ಹೋದರೆ ಕೊಟ್ಟ ಹಣ ವಸೂಲಾಗುತ್ತದೆ.

ದಾರಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಇಂಟರ್‌ಲಾಕನ್‌ನಿಂದ ಗ್ರಿಂಡೆಲ್‌ವಾಲ್ಡ್ ಟರ್ಮಿನಲ್‌ವರೆಗೆ ರೈಲು, ಅಲ್ಲಿಂದ 2020ರ ಡಿಸೆಂಬರಿನಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಎಂಬ ಕೇಬಲ್ ಕಾರಿನಲ್ಲಿ ಹದಿನೈದು ನಿಮಿಷ, ಆಮೇಲೆ ಹಲ್ಲುಗಾಲಿಯ ರೈಲು. ಈ ರೈಲು ಐಗರ್ ಮತ್ತು ಮೋಂಕ್ ಪರ್ವತಗಳ ಹೊಟ್ಟೆಯೊಳಗೆ ಕೊರೆದ ಏಳು ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗದಲ್ಲಿ ಹತ್ತಿ, 3454 ಮೀಟರ್ ಎತ್ತರದ ನಿಲ್ದಾಣದಲ್ಲಿ ನಿಲ್ಲುತ್ತದೆ. ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ ಇದೇ. ಮಧ್ಯೆ ಐಸ್‌ಮೇರ್ ಎಂಬಲ್ಲಿ ಐದು ನಿಮಿಷ ನಿಲ್ಲಿಸುತ್ತಾರೆ. ಬಂಡೆಯಲ್ಲಿ ಕೊರೆದ ಕಿಟಕಿಯಾಚೆ ಬಿರುಕುಬಿಟ್ಟ ಹಿಮರಾಶಿ ಕಾಣುತ್ತದೆ. ಇಳಿಯಲು ಸೋಮಾರಿತನ ಮಾಡಬೇಡಿ.

ಟಿಕೆಟ್ಟಿನ ಪೂರ್ತಿ ದರ ಒಬ್ಬರಿಗೆ ಹೋಗಿ ಬರಲು 200 ಫ್ರಾಂಕ್ ದಾಟುತ್ತದೆ. ವಿದೇಶಿ ಪ್ರವಾಸಿಗಳೂ ಕೊಳ್ಳಬಹುದಾದ ಹಾಫ್ ಫೇರ್ ಕಾರ್ಡ್ ಇದ್ದರೆ ಅದು ಅರ್ಧಕ್ಕಿಳಿಯುತ್ತದೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದವರು, ಕೊನೆಯ ಹಂತಕ್ಕೆ ಅದರಿಂದ ಸಿಗುವುದು ರಿಯಾಯಿತಿ ಮಾತ್ರ ಎಂಬುದನ್ನು ನೆನಪಿಡಬೇಕು. ಪ್ಯಾಕೇಜಿನವರು ಈ ಲೆಕ್ಕವನ್ನು ಬಿಡಿಸಿ ಹೇಳುವುದಿಲ್ಲ. ನಮ್ಮ ಮೊದಲ ಪ್ರವಾಸದ ಸಂಸ್ಥೆ ಮೇಲೆ ಎರಡೂವರೆ ಗಂಟೆ ಸಿಗುತ್ತದೆಂದು ಹೇಳಿ, ಕೊಟ್ಟದ್ದು ಎಪ್ಪತ್ತೈದು ನಿಮಿಷ. ಅದರಲ್ಲಿ ನಲವತ್ತು ನಿಮಿಷ ಊಟದ ಸಾಲಿನಲ್ಲಿ ಕಳೆಯಿತು. ಆ ಎತ್ತರದಲ್ಲಿ ಭಾರತೀಯ ಊಟ ಸಿಗುತ್ತದೆ, ದಾಲ್ ಬಿಸಿಯಾಗಿಯೇ ಇತ್ತು, ದೂರುವಂತಿಲ್ಲ. ಆದರೆ ದಾಲ್ ತಿನ್ನುವುದಕ್ಕೆ ಯಾರೂ ಮೂರೂವರೆ ಸಾವಿರ ಮೀಟರ್ ಹತ್ತುವುದಿಲ್ಲ. ಗೈಡ್ ಬಾವುಟ ಎತ್ತಿ ಹಿಡಿದು ಎಲ್ಲರನ್ನೂ ಐಸ್ ಪ್ಯಾಲೇಸಿನೊಳಗೆ ಒಂದು ಸುತ್ತು ಓಡಿಸಿ, ರೈಲು ಹತ್ತಿಸಿಬಿಟ್ಟ. ಮೇಲೊಂದು ಸಂಶೋಧನಾ ಕೇಂದ್ರವಿದೆ ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ.

ಎರಡನೆಯ ಸಲ ನಾವು ಮೇಲೆ ನಾಲ್ಕು ಗಂಟೆ ಇದ್ದೆವು. ಅಪ್ಪನಿಗೆ ರೈಲಿನಿಂದ ಇಳಿದೊಡನೆ ಏದುಸಿರು ಬಂತು. ಅಲ್ಲಿನ ವಾಯುಭಾರ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟು ಮಾತ್ರ ಇರುವುದರಿಂದ ಯಾರಿಗಾದರೂ ಬರುವಂಥದ್ದೇ. ಹತ್ತು ನಿಮಿಷ ಕೂತು, ನೀರು ಕುಡಿದು, ನಿಧಾನಕ್ಕೆ ನಡೆದರೆ ಹೊಂದಿಕೊಳ್ಳುತ್ತದೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು. ಕೂತ ಹೊತ್ತಿನಲ್ಲಿ ಅಪ್ಪನಿಗೆ ಚಹಾ ತಂದುಕೊಟ್ಟೆ. ಒಂದು ಗುಟುಕು ಕುಡಿದವರೇ, "ಇದು ಕುದ್ದ ನೀರಲ್ಲ ಮಾರಾಯ" ಎಂದರು. ನೀರು ಕುದ್ದದ್ದೇ, ಆದರೆ ಅಷ್ಟು ಎತ್ತರದಲ್ಲಿ ಅದು ಸುಮಾರು 88 ಡಿಗ್ರಿಗೇ ಕುದಿದುಬಿಡುತ್ತದೆ, ಸೊಪ್ಪು ಸರಿಯಾಗಿ ಬಿಡುವುದಿಲ್ಲ. ಕಾಫಿ ತೋಟದವರ ನಾಲಿಗೆಗೆ ವಾಯುಭಾರ ಮಾಪಕವೂ ಸೋಲಬೇಕು.

ಅಲ್ಲಿಂದ ಸ್ಫಿಂಕ್ಸ್‌ಗೆ ಹೋದೆವು. ಬಂಡೆಯ ತುದಿಯಲ್ಲಿ, 3571 ಮೀಟರ್ ಎತ್ತರದಲ್ಲಿ, ಬೆಳ್ಳಿಬಣ್ಣದ ಗುಮ್ಮಟ ಹೊತ್ತು ಕೂತಿರುವ ಈ ಕಟ್ಟಡವೇ ಯುಂಗ್‌ಫ್ರೌಯೋಕ್‌ನ ಎಲ್ಲ ಪೋಸ್ಟರುಗಳಲ್ಲೂ ಕಾಣುವುದು. ನೂರು ಮೀಟರಿಗೂ ಹೆಚ್ಚು ಎತ್ತರವನ್ನು ಲಿಫ್ಟ್ ಅರ್ಧ ನಿಮಿಷದೊಳಗೆ ಏರಿಬಿಡುತ್ತದೆ. ಕಿವಿ ಗುಂಯ್ ಎನ್ನುತ್ತದೆ. ಸುತ್ತ ಓಡಾಡಲು ಲೋಹದ ಜಾಲಿಯ ಅಟ್ಟಣೆ ಇದೆ. ಕಾಲಡಿಯ ಜಾಲಿಯ ತೂತುಗಳಲ್ಲಿ ಪಾತಾಳ ಕಾಣುವುದರಿಂದ ಅಪ್ಪ ಗೋಡೆ ಹಿಡಿದೇ ನಡೆದರು. ಹಳದಿ ಕೊಕ್ಕಿನ ಕಪ್ಪು ಕಾಗೆಗಳು ನಮ್ಮ ಮೊಣಕಾಲಿನ ಮಟ್ಟದಲ್ಲಿ ಗಾಳಿಯಲ್ಲಿ ತೇಲುತ್ತಿದ್ದವು. ಎಲ್ಲರೂ ಅವುಗಳ ಫೋಟೋ ತೆಗೆಯುತ್ತಿದ್ದಾಗ ಅಪ್ಪ ತಲೆಯೆತ್ತಿ ಚಾವಣಿಯನ್ನು ನೋಡುತ್ತಿದ್ದರು. ಅಲ್ಲಿ ಟೋಪಿ ತೊಟ್ಟ ಕೊಳವೆಗಳು, ಗಾಳಿಮಾಪಕಗಳು, ತಂತಿಗಳು.

"ಇಲ್ಲೂ ಯಾರಾದ್ರೂ ದಿನಾ ಬರೆದಿಡ್ತಾರೇನೋ?" ಎಂದು ಕೇಳಿದರು.

ಅಪ್ಪನ ಈ ಪ್ರಶ್ನೆಗೆ ಹಿನ್ನೆಲೆ ಇದೆ. ಮೂಡಿಗೆರೆಯ ನಮ್ಮ ತೋಟದಲ್ಲಿ ಮಳೆಮಾಪಕವೊಂದಿದೆ. ಬೆಳಿಗ್ಗೆ ಎಂಟೂವರೆಗೆ ನೀರನ್ನು ಅಳೆದು, ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಎಂದು ಡೈರಿಯಲ್ಲಿ ಬರೆಯುವುದನ್ನು ಅಪ್ಪ ನಲವತ್ತು ವರ್ಷಗಳಿಂದ ತಪ್ಪಿಸಿಲ್ಲ. ಬೇರೆ ಊರಿಗೆ ಹೋದರೆ ತೋಟದ ಲೆಕ್ಕ ಬರೆಯುವ ರೈಟರಿಗೆ ವಹಿಸಿ ಹೋಗುತ್ತಾರೆ. ಮಲೆನಾಡಿನ ಬಹಳಷ್ಟು ತೋಟಗಳಲ್ಲಿ ಈ ರೂಢಿ ಇದೆ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಪಾತ್ರೆ, ಇವಿಷ್ಟು ತಪ್ಪಿದರೆ ಲೆಕ್ಕಕ್ಕೆ ಬರುವುದಿಲ್ಲ ಎನ್ನುವುದು ಅವರ ಮಾತು. ಸ್ಫಿಂಕ್ಸ್‌ನೊಳಗೆ ನಡೆಯುವುದೂ ಇದೇ ಕೆಲಸ, ಪಾತ್ರೆ ಮಾತ್ರ ದೊಡ್ಡದು.

ಇದರ ಇತಿಹಾಸ ಸ್ವಾರಸ್ಯವಾಗಿದೆ. ಉದ್ಯಮಿ ಅಡಾಲ್ಫ್ ಗೂಯರ್-ಜೆಲರ್ ಈ ರೈಲಿನ ಕನಸು ಕಂಡು 1896ರಲ್ಲಿ ಕೆಲಸ ಶುರುಮಾಡಿಸಿ, 1899ರಲ್ಲಿ ತೀರಿಕೊಂಡರು. ಅದೇ ವರ್ಷ ಸ್ಫೋಟವೊಂದರಲ್ಲಿ ಆರು ಕಾರ್ಮಿಕರು ಸತ್ತರು. ಹಣ ಸಾಲದೆ ಕುಂಟುತ್ತ ಸಾಗಿದ ಕೆಲಸ ಮುಗಿದು ಮೇಲಿನ ನಿಲ್ದಾಣ ತೆರೆದದ್ದು 1912ರ ಆಗಸ್ಟ್ 1ರಂದು. ವೈಜ್ಞಾನಿಕ ಸಂಶೋಧನೆಗೆ ನೆರವಾಗುವ ಹೊಣೆಯನ್ನು ರೈಲು ಕಂಪನಿ ಪರವಾನಗಿ ಪಡೆಯುವಾಗಲೇ ಹೊತ್ತುಕೊಂಡಿತ್ತು. ಕಾಕತಾಳೀಯವೆಂಬಂತೆ, ಅದೇ 1912ರ ಬೇಸಿಗೆಯಲ್ಲಿ ಆಲ್ಫ್ರೆಡ್ ದ ಕೆರ್ವೆನ್ ಎಂಬ ಸ್ವಿಸ್ ಹವಾಮಾನ ವಿಜ್ಞಾನಿ ಗ್ರೀನ್‌ಲೆಂಡಿನ ಮಂಜಿನ ಹಾಸನ್ನು ನಾಯಿಗಾಡಿಯಲ್ಲಿ ಅಡ್ಡಹಾಯುತ್ತಿದ್ದರು. ಮುಂದೆ ಯುಂಗ್‌ಫ್ರೌಯೋಕ್‌ನಲ್ಲಿ ಸಂಶೋಧನಾ ಕೇಂದ್ರ ಬೇಕೆಂದು ಪಟ್ಟುಹಿಡಿದು ಓಡಾಡಿದವರು ಅವರೇ. ಅದನ್ನು ಕಣ್ಣಾರೆ ನೋಡುವ ಮೊದಲೇ, 1927ರಲ್ಲಿ, ತೀರಿಕೊಂಡರು. ಮುಂದೆ ವೈದ್ಯಶಾಸ್ತ್ರದಲ್ಲಿ ನೊಬೆಲ್ ಪಡೆದ ವಾಲ್ಟರ್ ರುಡಾಲ್ಫ್ ಹೆಸ್ ಆ ಕೆಲಸವನ್ನು ಕೈಗೆತ್ತಿಕೊಂಡರು. 1930ರಲ್ಲಿ ಅಂತರರಾಷ್ಟ್ರೀಯ ಪ್ರತಿಷ್ಠಾನ, 1931ರಲ್ಲಿ ಸಂಶೋಧನಾ ಕೇಂದ್ರ, 1937ರಲ್ಲಿ ಸ್ಫಿಂಕ್ಸ್ ವೀಕ್ಷಣಾಲಯ ಹೀಗೆ ಒಂದೊಂದಾಗಿ ಬಂದವು. ಧ್ರುವದ ಮಂಜು ತುಳಿದು ಬಂದವರೇ ಪರ್ವತದ ಮಂಜನ್ನೂ ಅಳೆಯಲು ಕೂತದ್ದು ಸ್ವಿಸ್ಸರಲ್ಲಿ ಒಂದು ಪರಂಪರೆಯೇ ಆಗಿದೆ. 1990ರಲ್ಲಿ ಗ್ರೀನ್‌ಲೆಂಡಿನಲ್ಲಿ ಸ್ವಿಸ್ ಕ್ಯಾಂಪ್ ಎಂಬ ಸಂಶೋಧನಾ ಶಿಬಿರ ಸ್ಥಾಪಿಸಿ ಮೂವತ್ತು ವರ್ಷ ಅಲ್ಲಿನ ಹಿಮವನ್ನು ಅಳೆದ ಕೊನ್ರಾಡ್ ಸ್ಟೆಫನ್, 2020ರ ಆಗಸ್ಟಿನಲ್ಲಿ ಅದೇ ಕ್ಯಾಂಪಿನ ಹತ್ತಿರ ಮಂಜಿನ ಬಿರುಕಿಗೆ ಬಿದ್ದು ಮೃತಪಟ್ಟರು.

ಈ ಬೆಟ್ಟದ ಗಾಳಿಯಲ್ಲಿ ಅಂಥದ್ದೇನಿದೆ? ವರ್ಷದ ಬಹುಪಾಲು, ಅದರಲ್ಲೂ ಚಳಿಗಾಲದಲ್ಲಿ, ಯುಂಗ್‌ಫ್ರೌಯೋಕ್ ಕೆಳಗಿನ ಊರುಗಳ ಹೊಗೆ, ಧೂಳು ಏರಿಬರುವ ಪದರಕ್ಕಿಂತ ಮೇಲಿರುತ್ತದೆ. ಆಗ ಅಲ್ಲಿ ಹಾಯುವುದು ದೇಶದೇಶಗಳನ್ನು ದಾಟಿ ಬಂದು ಚೆನ್ನಾಗಿ ಬೆರೆತ ಗಾಳಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಬಿಸಿಲೇರಿದಂತೆ ಕಣಿವೆಯ ಗಾಳಿಯೂ ಮೇಲೆ ಬರುತ್ತದೆ. ಹೀಗಾಗಿ ಒಂದೇ ಕಿಟಕಿಯಲ್ಲಿ ಕೂತು ಲೋಕದ ಗಾಳಿಯನ್ನೂ ಯುರೋಪಿನ ಗಾಳಿಯನ್ನೂ ಬೇರೆಬೇರೆಯಾಗಿ ನೋಡಬಹುದು. ಇಂಥ ಎತ್ತರದ ಇತರ ಜಾಗಗಳಿಗೆ ಉಪಕರಣ ಸಾಗಿಸುವುದೇ ಒಂದು ಸಾಹಸ; ಇಲ್ಲಿ ವರ್ಷವಿಡೀ ರೈಲಿದೆ, ವಿದ್ಯುತ್ತಿದೆ. ಗೂಯರ್-ಜೆಲರ್ ಅವತ್ತೇ ಕಲ್ಲಿದ್ದಲು ಬೇಡ, ವಿದ್ಯುತ್ ರೈಲೇ ಆಗಲಿ ಎಂದದ್ದು ಸುರಂಗದೊಳಗೆ ಹೊಗೆ ತುಂಬಬಾರದೆಂದಿರಬಹುದು. ನೂರು ವರ್ಷಗಳ ಬಳಿಕ ಅದರ ಲಾಭ ವಾತಾವರಣ ವಿಜ್ಞಾನಕ್ಕೆ ಸಿಕ್ಕಿತು.

ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾಲಯದವರ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ವಾತಾವರಣದಲ್ಲಿ ಮೀಥೇನ್ ಇದೆಯೆಂದು 1948ರಲ್ಲಿ ಕಂಡುಹಿಡಿದ ಮಾರ್ಸೆಲ್ ಮಿಜಿಯೋಟ್, 1950ರ ಹೊತ್ತಿಗೆ ತಮ್ಮ ಉಪಕರಣದೊಂದಿಗೆ ಈ ಬೆಟ್ಟಕ್ಕೆ ಬಂದು ಸೂರ್ಯನ ಬೆಳಕಿನ ರೋಹಿತಗಳನ್ನು, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿಗಳನ್ನು, ದಾಖಲಿಸಿದರು. ಸೂರ್ಯಕಿರಣ ಗಾಳಿಯನ್ನು ಹಾದು ಬರುವಾಗ ಪ್ರತಿಯೊಂದು ಅನಿಲವೂ ತನಗೆ ಬೇಕಾದ ಬಣ್ಣದ ಗೆರೆಯನ್ನು ನುಂಗಿಕೊಳ್ಳುತ್ತದೆ. ಆ ಕಪ್ಪು ಗೆರೆಯ ಆಳ ನೋಡಿದರೆ ಅನಿಲ ಎಷ್ಟಿದೆಯೆಂದು ತಿಳಿಯುತ್ತದೆ. ಅವತ್ತು ಹೆಚ್ಚಿನವರ ತಲೆಯಲ್ಲಿ ಹವಾಮಾನ ಬದಲಾವಣೆಯ ಚಿಂತೆ ಇರಲಿಲ್ಲ. ಆದರೆ ಕಾಗದದ ಮೇಲೆ ಉಳಿದ ಆ ಗೆರೆಗಳು, ಓಝೋನ್ ಪದರಕ್ಕೆ ಕುತ್ತು ತಂದ ಕ್ಲೋರಿನ್ ಅನಿಲಗಳು ಹೆಚ್ಚುವ ಮೊದಲು ಗಾಳಿ ಹೇಗಿತ್ತು ಎಂಬುದಕ್ಕೆ ಇಂದು ಸಾಕ್ಷಿಯಾಗಿವೆ. ಅಕ್ಕ ಇದನ್ನು ವಿವರಿಸಿದಾಗ ಅಪ್ಪ, "ನಾನೂ ಡೈರಿ ಬಿಸಾಕಿಲ್ಲ" ಎಂದಷ್ಟೇ ಹೇಳಿದರು.

ಸ್ವಿಟ್ಜರ್ಲೆಂಡಿನದೇ ಆದ ಎಂಪಾ ಎಂಬ ಸಂಶೋಧನಾ ಸಂಸ್ಥೆಯವರು 2000ದಿಂದ ಇಲ್ಲಿ ಫ್ರಿಜ್, ಏಸಿಗಳಲ್ಲಿ ಬಳಸುವ ಅನಿಲಗಳನ್ನು ಬಿಡದೆ ಅಳೆಯುತ್ತಿದ್ದಾರೆ. ಎಚ್‌ಎಫ್‌ಸಿ-23 ಎಂಬ, ತೂಕಕ್ಕೆ ತೂಕ ನೋಡಿದರೆ ಇಂಗಾಲದ ಡೈ ಆಕ್ಸೈಡಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಬಿಸಿಯೇರಿಸುವ ಅನಿಲ ಇಟಲಿಯ ಕಡೆಯಿಂದ ಸರ್ಕಾರಿ ಲೆಕ್ಕಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಹೊಮ್ಮುತ್ತಿದೆಯೆಂದು 2011ರಲ್ಲಿ ಅವರು ತೋರಿಸಿಕೊಟ್ಟದ್ದು ಈ ಚಾವಣಿಯ ಕೊಳವೆಗಳಿಂದಲೇ. ಕಾರ್ಖಾನೆ ಬರೆದುಕೊಟ್ಟ ಲೆಕ್ಕವನ್ನು ಬೆಟ್ಟದ ತುದಿಯಲ್ಲಿ ಕೂತು ತಾಳೆ ನೋಡಬಹುದು ಎನ್ನುವುದು ಸಣ್ಣ ಮಾತಲ್ಲ. ಪಾಲ್ ಶೆರರ್ ಸಂಸ್ಥೆಯವರು 1988ರಿಂದ ಗಾಳಿಯ ಸೂಕ್ಷ್ಮ ಕಣಗಳನ್ನು ಅಳೆಯುತ್ತಿದ್ದಾರೆ. ಸಹಾರಾ ಮರುಭೂಮಿಯ ಧೂಳು ಬಂದರೆ ಮೊದಲು ತಿಳಿಯುವುದು ಅವರಿಗೆ. ಅಂದ ಹಾಗೆ, ಮೇಲಿನ ಅಟ್ಟಣೆಯಲ್ಲಿ ಯಾರೂ ಸಿಗರೇಟು ಹಚ್ಚಬೇಡಿ. ಹತ್ತಿರದ ಹೊಗೆ ಉಪಕರಣಕ್ಕೆ ತಾಗಿದರೆ ಆ ಹೊತ್ತಿನ ಅಂಕಿಗಳನ್ನು ವಿಜ್ಞಾನಿಗಳು ಬೇರೆ ತೆಗೆದಿಡಬೇಕಾಗುತ್ತದೆ.

ಪ್ರಯೋಗಾಲಯಗಳೊಳಗೆ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಇರಬೇಕೆಂದು ನಾನು ಹೇಳುವುದೂ ಇಲ್ಲ. ಕೇಂದ್ರವನ್ನು ನೋಡಿಕೊಳ್ಳುವ ದಂಪತಿ ಅಲ್ಲಿಯೇ ವಾಸವಾಗಿದ್ದು, ಹವೆಯನ್ನು ದಾಖಲಿಸುವುದು, ಉಪಕರಣ ಕೆಟ್ಟರೆ ನೋಡುವುದು, ಬಂದ ವಿಜ್ಞಾನಿಗಳಿಗೆ ಇರಲು ಅಣಿಮಾಡಿಕೊಡುವುದು ಎಲ್ಲವನ್ನೂ ಮಾಡುತ್ತಾರೆ. ಕೊನೆಯ ರೈಲು ಹೊರಟ ಮೇಲೆ ಅಲ್ಲಿ ಉಳಿಯುವವರು ಬೆರಳೆಣಿಕೆಯ ಮಂದಿ. ನಾವು ನೋಡಿದ್ದು ಮುಚ್ಚಿದ ಬಾಗಿಲು, ಚಾವಣಿಯ ಕೊಳವೆ, ಗುಮ್ಮಟ, ಇಷ್ಟೇ. ಆದರೆ ಏನು ನೋಡುತ್ತಿದ್ದೇವೆಂದು ತಿಳಿದಿದ್ದರಿಂದ ಒಂದು ಗಂಟೆ ಅಲ್ಲಿಂದ ಕದಲಲಿಲ್ಲ.

ಸ್ಫಿಂಕ್ಸ್‌ನ ದಕ್ಷಿಣಕ್ಕೆ ತಿರುಗಿದರೆ ಅಲೆಚ್ ಹಿಮನದಿ. ಆಲ್ಪ್ಸ್‌ನಲ್ಲೇ ಅತಿ ದೊಡ್ಡದು. ಸುಮಾರು ಇಪ್ಪತ್ತು ಕಿಲೋಮೀಟರ್ ಉದ್ದ. ಮೂರು ಹಿಮಪ್ರವಾಹಗಳು ಸೇರುವ ಕಾಂಕಾರ್ಡಿಯಾ ಎಂಬಲ್ಲಿ ಮಂಜಿನ ದಪ್ಪ 800 ಮೀಟರ್ ದಾಟುತ್ತದೆ. ಮೇಲಿನಿಂದ ನೋಡುವಾಗ ಇಷ್ಟು ದೊಡ್ಡದಕ್ಕೆ ಏನಾದೀತು ಎನಿಸುವುದು ಸಹಜ. 1877ರಲ್ಲಿ ಕಾಂಕಾರ್ಡಿಯಾದ ಅಂಚಿನ ಬಂಡೆಯ ಮೇಲೆ ಪರ್ವತಾರೋಹಿಗಳಿಗಾಗಿ ಗುಡಿಸಲು ಕಟ್ಟಿದಾಗ ಮಂಜು ಅದರ ಕೆಳಗೆ ಅಷ್ಟೇನೂ ದೂರವಿರಲಿಲ್ಲ. ಮಂಜು ಕುಸಿದಂತೆಲ್ಲ ಬಂಡೆಗೆ ಕಬ್ಬಿಣದ ಮೆಟ್ಟಿಲು ಸೇರಿಸುತ್ತ ಹೋದರು. ಈಗ ಅಲ್ಲಿಗೆ ನಾನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಹಿಮನದಿಯ ಮೂತಿ 19ನೇ ಶತಮಾನದ ನಡುವಿನಿಂದ ಈಚೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ತಾಪಮಾನದ ಏರಿಕೆಯನ್ನು ಎರಡು ಡಿಗ್ರಿಯೊಳಗೆ ಹಿಡಿದರೂ ಈ ಶತಮಾನದ ಕೊನೆಗೆ ಅಲೆಚ್ ತನ್ನ ಮಂಜಿನ ಅರ್ಧವನ್ನಾದರೂ ಕಳೆದುಕೊಳ್ಳುತ್ತದೆಂದು 2019ರಲ್ಲಿ ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ನಾವು ಹೋದದ್ದು ಸೆಪ್ಟೆಂಬರ್ ಕೊನೆ ಎಂದೆನಲ್ಲ, ಹಿಮನದಿಗಳ ಲೆಕ್ಕದ ವರ್ಷ ಮುಗಿಯುವುದೂ ಆಗಲೇ. ಮಂಜಿನಲ್ಲಿ ಕೊರೆದು ನೆಟ್ಟ ಉದ್ದ ಕೋಲುಗಳನ್ನು ವಿಜ್ಞಾನಿಗಳು ಹೋಗಿ ನೋಡಿ, ಕೋಲು ಎಷ್ಟು ಹೊರಬಂದಿದೆ ಎಂಬುದರಿಂದ ಎಷ್ಟು ಕರಗಿತೆಂದು ಅಳೆಯುತ್ತಾರೆ. ನಮ್ಮ ಕಣ್ಣೆದುರಿನ ಹಿಮದಲ್ಲಿ ಈ ಅಳತೆ ಸುಮಾರು ನೂರು ವರ್ಷಗಳಿಂದ ನಡೆದಿದೆ. ಕ್ಲಾರಿಡೆನ್ ಎಂಬ ಇನ್ನೊಂದು ಹಿಮನದಿಯಲ್ಲಿ 1914ರಿಂದ. ನಾವು ಬೆಂಗಳೂರಿಗೆ ಮರಳುವಷ್ಟರಲ್ಲಿ ಆ ವರ್ಷದ ಲೆಕ್ಕ ಪತ್ರಿಕೆಗಳಲ್ಲಿ ಬಂದಿತ್ತು: ಸ್ವಿಸ್ ಹಿಮನದಿಗಳು ಒಂದೇ ವರ್ಷದಲ್ಲಿ ಶೇ. 3ರಷ್ಟು ಮಂಜು ಕಳೆದುಕೊಂಡಿವೆ. 2022ರಲ್ಲಿ ಶೇ. 6, 2023ರಲ್ಲಿ ಶೇ. 4 ಹೋಗಿತ್ತು. 2022ರ ಆ ದೊಡ್ಡ ನಷ್ಟಕ್ಕೆ ಚಳಿಗಾಲದ ಕಡಿಮೆ ಹಿಮ ಮತ್ತು ಬೇಸಿಗೆಯ ಬಿಸಿಗಾಳಿಯ ಜೊತೆಗೆ ಸಹಾರಾದ ಧೂಳೂ ಕಾರಣ. ಬಿಳಿ ಹಿಮ ಮಸುಕಾದರೆ ಬಿಸಿಲನ್ನು ಹೆಚ್ಚು ಹೀರುತ್ತದೆ.

ಐಸ್ ಪ್ಯಾಲೇಸ್ ಬಗ್ಗೆ ಎರಡು ಮಾತು. 1930ರ ದಶಕದಲ್ಲಿ ಪರ್ವತದ ಮಾರ್ಗದರ್ಶಕರು ಕೊಡಲಿ, ಗರಗಸ ಹಿಡಿದು ಹಿಮನದಿಯೊಳಗೆ ಕೊರೆದ ಸಭಾಂಗಣ ಇದು. ನೆಲ ಜಾರುತ್ತದೆ, ಹಿಡಿಗಂಬಿ ಬಿಡಬೇಡಿ. ಮಂಜಿನ ಹದ್ದು, ಕರಡಿಗಳು ಮಕ್ಕಳಿಗೆ ಚೆನ್ನ. ನನ್ನ ಗಮನ ಸೆಳೆದದ್ದು ಬೇರೆ: ಬಂದುಹೋಗುವ ಸಾವಿರಾರು ಜನರ ಮೈಬಿಸಿಗೆ ಗೋಡೆ ಕರಗದಿರಲೆಂದು ಆ ಗುಹೆಯನ್ನು ಯಂತ್ರದಿಂದ ಮೈನಸ್ 3 ಡಿಗ್ರಿಯಲ್ಲಿ ತಂಪಾಗಿಡುತ್ತಾರೆ. ಹಿಮನದಿಯ ಹೊಟ್ಟೆಯೊಳಗೆ ಏಸಿ. ಅಪ್ಪ ನಕ್ಕರು, ಆಮೇಲೆ ಸುಮ್ಮನಾದರು.

ಇವೆಲ್ಲ ಅಂಕಿ ಗುಡ್ಡೆ ಹಾಕುವುದಕ್ಕಷ್ಟೇ ಎಂದು ಯಾರಿಗಾದರೂ ಅನಿಸಿದರೆ, ಈ ಬೆಟ್ಟಸಾಲಿನ ಆಚೆ ಮಗ್ಗುಲಿನ ಲೋಚೆನ್ ಕಣಿವೆಯನ್ನು ನೆನೆಯಬೇಕು. ಅಲ್ಲಿನ ಬ್ಲಾಟೆನ್ ಎಂಬ ಹಳ್ಳಿಯ ಮೇಲಿನ ಬಂಡೆ ಸಡಿಲವಾಗಿ ಬಿರ್ಚ್ ಹಿಮನದಿಯ ಮೇಲೆ ಬೀಳುತ್ತಿರುವುದನ್ನು ಗಮನಿಸುತ್ತಿದ್ದವರು ಎಚ್ಚರಿಸಿದ್ದರಿಂದ, 2025ರ ಮೇ 19ರಂದು ಸುಮಾರು 300 ಜನರನ್ನು ಊರಿನಿಂದ ಹೊರಗೆ ಕಳಿಸಿದರು. ಮೇ 28ರಂದು ಹಿಮನದಿ ಬಂಡೆಯೊಡನೆ ಕುಸಿದು ಊರಿನ ಬಹುಭಾಗವನ್ನು ಮುಚ್ಚಿಹಾಕಿತು. ಒಂದು ಜೀವ ಹೋಯಿತು, ಉಳಿದವರು ಉಳಿದರು. ನಮ್ಮ ಕಡೆ ಹಿಮಾಚಲ ಪ್ರದೇಶದ ಸ್ಪಿತಿಯಲ್ಲಿ 2016ರಲ್ಲಿ ಆರಂಭವಾದ ಹಿಮಾಂಶ್ ಕೇಂದ್ರವೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರವೂ ಹಿಮಾಲಯದ ಹಿಮನದಿಗಳ ಮೇಲೆ ಇಂಥದೇ ಕೆಲಸ ಮಾಡುತ್ತಿವೆ. ಅಲ್ಲಿಗೆ ಹಲ್ಲುಗಾಲಿಯ ರೈಲಿಲ್ಲ ಎಂಬುದೇ ವ್ಯತ್ಯಾಸ.

ಹೋಗುವವರಿಗೆ ನನ್ನ ಸಲಹೆ ಇಷ್ಟು. ಹೊರಡುವ ದಿನ ಬೆಳಿಗ್ಗೆ ಮೇಲಿನ ಕ್ಯಾಮೆರಾದ ನೇರ ದೃಶ್ಯವನ್ನು ಫೋನಿನಲ್ಲಿ ನೋಡಿಯೇ ಟಿಕೆಟ್ ಕೊಳ್ಳಿ. ಮೋಡ ಮುಸುಕಿದ್ದರೆ ಹಣ ನೀರಿಗೆ ಬಿದ್ದಂತೆ. ದಿನಾಂಕ ಮೊದಲೇ ಗೊತ್ತುಮಾಡಿದ ಪ್ಯಾಕೇಜುಗಳ ದೊಡ್ಡ ಕುಂದು ಇದೇ. ಬೆಳಗಿನ ಮೊದಲ ರೈಲುಗಳಲ್ಲಿ ಜನ ಕಡಿಮೆ. ತಂಪು ಕನ್ನಡಕ, ಜಾರದ ಬೂಟು ಬೇಕೇಬೇಕು. ಊಟ ಕಟ್ಟಿಕೊಂಡು ಹೋದರೆ ಒಂದು ಗಂಟೆ ಉಳಿಯುತ್ತದೆ. ನಾವು ಅಕ್ಕ ಮಾಡಿಕೊಟ್ಟ ಚಪಾತಿ, ಚಟ್ನಿಪುಡಿ ತಿಂದೆವು.

ಇನ್ನೊಂದು ದಿನ ಕೈಯಲ್ಲಿದ್ದರೆ, ಇದೇ ಹಿಮನದಿಯನ್ನು ಕೆಳಗಿನ ತುದಿಯ ಕಡೆಯಿಂದ ನೋಡಲು ದಕ್ಷಿಣದ ರೀಡರಾಲ್ಪ್ ಊರಿನ ಮೇಲಿರುವ ಮೋಸ್‌ಫ್ಲೂಗೆ ಹೋಗಿ. ಟಿಕೆಟ್ ಬಹಳ ಅಗ್ಗ. ಅಪ್ಪನಿಗೆ ಆಯಾಸವಾಗಿದ್ದರಿಂದ ಅಕ್ಕ, ನಾನು ಇಬ್ಬರೇ ಹೋದೆವು. ಮಂಜು ತೆಳುವಾಗಿ ಆಸರೆ ತಪ್ಪಿದ ಅಲ್ಲಿನ ಇಳಿಜಾರು ಇಡಿಯಾಗಿ ಜಾರುತ್ತಿದೆ. 2015ರಲ್ಲಿ ಕಟ್ಟಿದ ಕೇಬಲ್ ಕಾರಿನ ಮೇಲಿನ ನಿಲ್ದಾಣವನ್ನು, ನೆಲ ಸರಿದಂತೆ ಜರುಗಿಸಿಕೊಳ್ಳಬಹುದಾದ ತಳಪಾಯದ ಮೇಲೆ ನಿಲ್ಲಿಸಿದ್ದಾರೆ. ಮರುವರ್ಷದ ಶರತ್ಕಾಲದಲ್ಲೇ ನೆಲ ಜೋರಾಗಿ ಸರಿದು ಕೆಲವು ಕಾಲುದಾರಿಗಳನ್ನು ಮುಚ್ಚಬೇಕಾಯಿತು. ತೆರೆದಿರುವ ದಾರಿಯ ಪಕ್ಕದ ಹುಲ್ಲಿನಲ್ಲಿ ನಮಗೊಂದು ಬಿರುಕು ಕಂಡಿತು. ಅಕ್ಕ ಬಗ್ಗಿ ಕೋಲು ಇಳಿಸಿದಳು, ಹಿಡಿಯವರೆಗೂ ಒಳಗೆ ಹೋಯಿತು.